ಎಣ್ಣೆ ಹೋಗುವುದು ಎಲ್ಲಿಗೆ? ಕಾರಿನ ಮೈಲೇಜ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಾರಿನ ಖರ್ಚಿನ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಲೇಜ್ ಬಗ್ಗೆಯೇ ಇವೆ. ಮುಂಬೈಯಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರ ಮೇ ತಿಂಗಳಲ್ಲಿ. ಅಂದಿನಿಂದ ಮನೆಯ ಬಜೆಟ್ಟಿನಲ್ಲಿ ಕಾರಿನ ಲೆಕ್ಕವೇ ಬೇರೆ ಆಗಿದೆ, ಅಲ್ವಾ? ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಂಡು ಉತ್ತರ ಕೊಡುತ್ತಿದ್ದೇನೆ.

ಡೊಂಬಿವಲಿಯಿಂದ ಒಬ್ಬರು: ನಮಸ್ಕಾರ ಸರ್. ನನ್ನದು 2019ರ ಪೆಟ್ರೋಲ್ ಗಾಡಿ, ಚಿಕ್ಕದು. ಮೊದಲು ಲೀಟರಿಗೆ 16 ಕೊಡುತ್ತಿತ್ತು. ಈಗ 14ರ ಮೇಲೆ ಹೋಗುತ್ತಲೇ ಇಲ್ಲ. ಗ್ಯಾರೇಜಿನವರು, ಆಫೀಸಿನವರು, ಎಲ್ಲರೂ ಎಥನಾಲ್ ಬೆರೆಸಿದ್ದೇ ಕಾರಣ ಅನ್ನುತ್ತಾರೆ. ಹೌದಾ?

ಅರ್ಧ ಹೌದು. ಉಳಿದ ಅರ್ಧವನ್ನು ನಿಮ್ಮ ಗಾಡಿಯಲ್ಲಿ, ನಿಮ್ಮ ದಾರಿಯಲ್ಲಿ ಹುಡುಕಬೇಕು.

ಎಥನಾಲ್ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆಯುವ ಸ್ಪಿರಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿಗಿಂತ ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇದನ್ನು ಯಾರೂ ಬದಲಾಯಿಸುವುದಕ್ಕೆ ಆಗುವುದಿಲ್ಲ. ಇ20 ಅಂದರೆ ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಹಾಗಾಗಿ ಎಥನಾಲೇ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಶಕ್ತಿ ಶೇ. 6ರಿಂದ 7ರಷ್ಟು ಕಡಿಮೆ. ನೀತಿ ಆಯೋಗದ 2021ರ ವರದಿಯಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ ಇದೆ. ಹಳೆಯ ಮಾದರಿಯ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7 ಇಳಿಯಬಹುದು, ಇ20ಕ್ಕೆ ಅಂತಲೇ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2 ಅಂತ.

ಆದರೆ ನೀವು ಮೊದಲು ಹಾಕಿಸುತ್ತಿದ್ದದ್ದೂ ಶುದ್ಧ ಪೆಟ್ರೋಲ್ ಅಲ್ಲ. 2022ರ ಹೊತ್ತಿಗೇ ನಮ್ಮ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇತ್ತು. ಇ20 ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಎಲ್ಲ ಪಂಪುಗಳಿಗೂ ಹಬ್ಬಿದ್ದು ಆಮೇಲೆ. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಕಡಿಮೆಯಾಗುವ ಶಕ್ತಿ ಶೇ. 3.5ರಷ್ಟು. ಅಂದರೆ ನಿಮ್ಮ 16 ಇಳಿದು 15.4 ಆಗಬೇಕು. ಶುದ್ಧ ಪೆಟ್ರೋಲಿನ ಕಾಲದಿಂದ ಲೆಕ್ಕ ಹಾಕಿದರೂ 15ರ ಆಸುಪಾಸಿಗೆ ನಿಲ್ಲಬೇಕು. 14ಕ್ಕೆ ಬಂದಿದೆ ಅಂದರೆ ಇನ್ನೇನೋ ಇದೆ. ಎಲ್ಲವನ್ನೂ ಎಥನಾಲಿನ ತಲೆಗೆ ಕಟ್ಟಿ ಸುಮ್ಮನಾದರೆ ಆ ಇನ್ನೊಂದು ಕಾರಣ ಹಾಗೇ ಉಳಿದು ತಿಂಗಳು ತಿಂಗಳು ನಿಮ್ಮ ಜೇಬಿಗೆ ಕತ್ತರಿ ಹಾಕುತ್ತಾ ಇರುತ್ತದೆ.

ಮೊದಲು ಸರಿಯಾಗಿ ಅಳೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ನಾಝಲ್ ತಾನಾಗಿ ಟಕ್ ಅಂತ ನಿಂತ ಮೇಲೆ ಒಂದು ಹನಿಯನ್ನೂ ಹಾಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅದೇ ಪಂಪಿನಲ್ಲಿ, ಆದಷ್ಟು ಅದೇ ನಾಝಲಿನಲ್ಲಿ, ಮತ್ತೆ ಟಕ್ ಅನ್ನುವವರೆಗೆ ಹಾಕಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಟ್ಯಾಂಕಿನ ಸರಾಸರಿ ತೆಗೆದರೆ ನಿಜವಾದ ಅಂಕಿ ಸಿಗುತ್ತದೆ. ಐನೂರು ರೂಪಾಯಿಗೆ, ಸಾವಿರ ರೂಪಾಯಿಗೆ ಹಾಕಿಸುತ್ತಾ ಹೋದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಆಮೇಲೆ ಗಾಡಿ ನೋಡಿ. ಸ್ವಲ್ಪ ದೂರ ಹೆಚ್ಚು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ. ಒಂದೊಂದೇ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಮೂರು ಚಕ್ರ ಬೆಚ್ಚಗಿದ್ದು ಒಂದರಿಂದ ಮಾತ್ರ ಸುಡುವ ಬಿಸಿ ಬರುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಪ್ಯಾಡ್ ಉಜ್ಜುತ್ತಲೇ ಇದೆ ಅಂತ ಅರ್ಥ. ಮಳೆಗಾಲ ಮುಗಿದ ಮೇಲೆ ಕೊಂಕಣ ಪಟ್ಟಿಯ ಗಾಡಿಗಳಲ್ಲಿ ತುಕ್ಕಿನಿಂದ ಹೀಗಾಗುವುದು ಮಾಮೂಲಿ. ಎಂಜಿನ್ ಲೈಟ್ ಹತ್ತಿದ್ದರೆ ತಡಮಾಡದೆ ಸ್ಕ್ಯಾನ್ ಮಾಡಿಸಿ. ಆಕ್ಸಿಜನ್ ಸೆನ್ಸರ್ ಕೆಟ್ಟರೆ ಎಂಜಿನ್ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಮೈಲೇಜ್ ದೊಡ್ಡ ಪ್ರಮಾಣದಲ್ಲಿ ಬೀಳುತ್ತದೆ. ಹಳೆಯ ಗಾಡಿಯಾದ್ದರಿಂದ ಪೆಟ್ರೋಲ್ ಪೈಪು, ರಬ್ಬರ್ ವಾಷರುಗಳನ್ನೂ ಸರ್ವೀಸಿನಲ್ಲಿ ನೋಡಿಸಿ. ಇ20ಕ್ಕೆ ಹೊಂದುವ ರಬ್ಬರ್ ಎಲ್ಲ ಹೊಸ ಕಾರುಗಳಿಗೂ ಬಂದಿದ್ದು 2023ರ ಏಪ್ರಿಲ್ ನಂತರ.

ಮುಲುಂಡಿನಿಂದ ಒಬ್ಬ ಓದುಗರು: ನಾನು ದಿನಾ ಮುಲುಂಡಿನಿಂದ ಕುರ್ಲಾಕ್ಕೆ ಹೋಗಿ ಬರುವವನು. ಟ್ರಾಫಿಕ್ ಅಂತೂ ನನ್ನ ಕೈಯಲ್ಲಿಲ್ಲ. ಇಂಥ ದಾರಿಯಲ್ಲಿ ಡ್ರೈವಿಂಗ್ ಬದಲಾಯಿಸಿದರೆ ನಿಜವಾಗಿಯೂ ಏನಾದರೂ ಉಳಿಯುತ್ತದಾ?

ಉಳಿಯುತ್ತದೆ, ಮತ್ತು ಇಂಥ ದಾರಿಯಲ್ಲೇ ಜಾಸ್ತಿ ಉಳಿಯುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಬ್ರೇಕ್ ಒತ್ತಿದಾಗ ಏನಾಗುತ್ತದೆ ನೋಡಿ. ಒಂದು ಟನ್ ತೂಕದ ಗಾಡಿಯನ್ನು ಸೊನ್ನೆಯಿಂದ 50ಕ್ಕೆ ತರಲು ನೀವು ಪೆಟ್ರೋಲ್ ಸುಟ್ಟಿದ್ದೀರಿ. ಬ್ರೇಕ್ ಒತ್ತಿದ ಕೂಡಲೇ ಆ ಶಕ್ತಿಯೆಲ್ಲ ಪ್ಯಾಡಿನಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ಸಿಗ್ನಲ್ ಬಿಟ್ಟ ಮೇಲೆ ಮತ್ತೆ ಅದೇ 50ಕ್ಕೆ ಮತ್ತೆ ಪೆಟ್ರೋಲ್ ಬೇಕು. ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ, ಆದರೆ ನಗರದಲ್ಲಿ ಹಣ ಕಳೆದುಹೋಗುವುದು ಬ್ರೇಕಿನಲ್ಲಿ. ಹೈಬ್ರಿಡ್ ಕಾರುಗಳು ಟ್ರಾಫಿಕ್ಕಿನಲ್ಲೂ ಒಳ್ಳೆಯ ಮೈಲೇಜ್ ಕೊಡುವುದು ಯಾಕೆ ಅಂದುಕೊಂಡಿರಿ? ಬ್ರೇಕ್ ಹಾಕಿದಾಗ ಹೋಗುವ ಶಕ್ತಿಯಲ್ಲಿ ಒಂದಷ್ಟನ್ನು ಹಿಡಿದು ಬ್ಯಾಟರಿಗೆ ಹಾಕಿಕೊಳ್ಳುತ್ತವೆ, ಅದಕ್ಕೆ. ನಮ್ಮ ಮಾಮೂಲಿ ಗಾಡಿಗೆ ಆ ಸೌಕರ್ಯ ಇಲ್ಲ. ನಮ್ಮ ಕಣ್ಣೇ ಆ ಕೆಲಸ ಮಾಡಬೇಕು.

ಎಲ್‌ಬಿಎಸ್ ರಸ್ತೆಯಲ್ಲಿ ಹೋಗುತ್ತಿದ್ದೀರಿ. ಮುಂದೆ ಇನ್ನೂರು ಮೀಟರಿನಲ್ಲಿ ಸಿಗ್ನಲ್ ಕೆಂಪಾಗಿದೆ, ಮುಂದಿನ ಗಾಡಿಗಳ ಹಿಂದಿನ ಲೈಟ್ ಒಂದೊಂದಾಗಿ ಹತ್ತುತ್ತಿವೆ. ಹೆಚ್ಚಿನವರು ಅಲ್ಲಿಯವರೆಗೂ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗಿ ಕೊನೆಯ ಇಪ್ಪತ್ತು ಮೀಟರಿನಲ್ಲಿ ಬ್ರೇಕ್ ಹಾಕುತ್ತಾರೆ. ನೀವು ಕೆಂಪು ಕಂಡ ಕೂಡಲೇ ಕಾಲು ತೆಗೆಯಿರಿ, ಗೇರಿನಲ್ಲೇ ಬಿಡಿ. ಗಾಡಿ ತಾನಾಗಿ ನಿಧಾನವಾಗುತ್ತಾ ಹೋಗುತ್ತದೆ. ಎಷ್ಟೋ ಸಲ ನೀವು ಅಲ್ಲಿಗೆ ತಲುಪುವ ಹೊತ್ತಿಗೆ ಹಸಿರಾಗಿರುತ್ತದೆ, ಗಾಡಿ ನಿಲ್ಲದೆ ಎರಡನೇ ಗೇರಿನಲ್ಲೇ ದಾಟಿಬಿಡುತ್ತದೆ. ನಿಂತ ಗಾಡಿಯನ್ನು ಎಬ್ಬಿಸುವುದಕ್ಕೂ ಉರುಳುತ್ತಿರುವ ಗಾಡಿಯನ್ನು ಮುಂದೂಡುವುದಕ್ಕೂ ಬೇಕಾಗುವ ಪೆಟ್ರೋಲಿನಲ್ಲಿ ಬಹಳ ವ್ಯತ್ಯಾಸ ಇದೆ.

ಮುಂದಿನ ಗಾಡಿಗೂ ನಿಮಗೂ ನಡುವೆ ಸ್ವಲ್ಪ ಜಾಗ ಬಿಡಿ. ಬಿಟ್ಟರೆ ರಿಕ್ಷಾ ನುಗ್ಗುತ್ತದೆ ಅನ್ನುತ್ತೀರಿ, ಗೊತ್ತು. ನುಗ್ಗಲಿ ಬಿಡಿ. ಒಂದು ರಿಕ್ಷಾ ಮುಂದೆ ಬಂದರೆ ನಿಮಗೆ ಆಗುವ ನಷ್ಟ ನಾಲ್ಕು ಸೆಕೆಂಡು. ಜಾಗ ಬಿಡದೆ ಅಂಟಿಕೊಂಡು ಹೋದರೆ ಮುಂದಿನವನು ಬ್ರೇಕ್ ಮುಟ್ಟಿದಾಗಲೆಲ್ಲ ನೀವೂ ಮುಟ್ಟಬೇಕು. ಗೇರುಗಳನ್ನು ಬೇಗ ಬೇಗ ಮೇಲಕ್ಕೆ ಹಾಕಿ, ಪೆಟ್ರೋಲ್ ಗಾಡಿಯಲ್ಲಿ 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ. ಎಂಜಿನ್ ನಡುಗುವಷ್ಟು ಬೇಗ ಬೇಡ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಮೈಲೇಜೂ ಹೋಗುತ್ತದೆ, ಕ್ಲಚ್ ಪ್ಲೇಟೂ ಹೋಗುತ್ತದೆ.

ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಚಿಕ್ಕ ಕಾರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. ಆಗ ಮೈಲೇಜ್ ಸೊನ್ನೆ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು ಅಂತ ಗೊತ್ತಿದ್ದರೆ ಆಫ್ ಮಾಡಿ. ಸ್ಟಾರ್ಟ್ ಮಾಡುವಾಗ ತುಂಬ ಪೆಟ್ರೋಲ್ ಹೋಗುತ್ತದೆ ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ಕಂಪ್ಯೂಟರ್ ಅಳೆದು ಪೆಟ್ರೋಲ್ ಬಿಡುವ ಈಗಿನ ಇಂಜೆಕ್ಷನ್ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಪುಣೆ, ಕೋಥರೂಡಿನಿಂದ ಒಬ್ಬರು: ಕಂಪನಿಯವರು 22 ಅಂತ ಹೇಳಿ ಮಾರಿದರು, ನನಗೆ ಸಿಗುತ್ತಿರುವುದು 13. ಎಆರ್‌ಎಐ ಪ್ರಮಾಣಪತ್ರ ಅಂತ ತೋರಿಸುತ್ತಾರೆ. ಗಾಡಿಗಳನ್ನು ಪರೀಕ್ಷಿಸುವ ಆ ಸಂಸ್ಥೆ ನಮ್ಮ ಮನೆಯಿಂದ ಕಾಣುವ ಗುಡ್ಡದ ಮೇಲೇ ಇದೆ. ಅವರು ಅಳೆಯುವುದು ಹೇಗೆ? ಗಾಡಿ ನಾನು ಓಡಿಸುವುದು ಮಕ್ಕಳ ಶಾಲೆಗೆ, ತರಕಾರಿಗೆ, ಅಷ್ಟೇ.

ಅಳತೆಯಲ್ಲಿ ಮೋಸ ಇಲ್ಲ. ಆದರೆ ಆ ಅಳತೆ ನಿಮ್ಮ ರಸ್ತೆಯದ್ದಲ್ಲ. ಗಾಡಿಯನ್ನು ಲ್ಯಾಬಿನಲ್ಲಿ ರೋಲರುಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಎಷ್ಟು ಸೆಕೆಂಡು ಯಾವ ವೇಗ, ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆದಿಟ್ಟ ಒಂದು ಪಟ್ಟಿ ಇದೆ. ಇಪ್ಪತ್ತು ನಿಮಿಷದ ಒಳಗೆ ಮುಗಿಯುವ ಪರೀಕ್ಷೆ, ಗರಿಷ್ಠ ವೇಗ 90, ಎಸಿ ಆಫ್. ಗುಂಡಿ ಇಲ್ಲ, ಏರು ಇಲ್ಲ, ಕರ್ವೇ ರಸ್ತೆಯ ಸಂಜೆ ಇಲ್ಲ. ಎಲ್ಲ ಗಾಡಿಗಳಿಗೂ ಅದೇ ಪಟ್ಟಿ ಆದ್ದರಿಂದ ಎರಡು ಕಾರುಗಳನ್ನು ಹೋಲಿಸುವುದಕ್ಕೆ ಅದು ಒಳ್ಳೆಯ ಅಂಕಿ. ನಿಮಗೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಅಲ್ಲ. ಪೇಟೆಯಲ್ಲಿ ಅದರ ಮೂರನೇ ಎರಡು ಭಾಗ ಸಿಕ್ಕರೆ ಗಾಡಿ ಚೆನ್ನಾಗಿದೆ ಅಂತಲೇ ತಿಳಿಯಿರಿ.

ನಿಮಗೆ ಅದಕ್ಕಿಂತಲೂ ಕಡಿಮೆ ಸಿಗಲು ಕಾರಣ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಶಾಲೆ, ತರಕಾರಿ, ಅಂದರೆ ಎರಡು ಮೂರು ಕಿಲೋಮೀಟರಿನ ಓಡಾಟ. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ, ಆಯಿಲ್ ಗಟ್ಟಿಯಾಗಿರುತ್ತದೆ, ಗೇರ್‌ಬಾಕ್ಸೂ ಬಿಗಿ. ಬಿಸಿಯಾಗಲು ಐದಾರು ಕಿಲೋಮೀಟರಾದರೂ ಬೇಕು. ಅಷ್ಟರಲ್ಲಿ ನೀವು ಮನೆಗೆ ವಾಪಸ್ ಬಂದಾಗಿರುತ್ತದೆ. ಇಡೀ ಜೀವನ ಆ ಗಾಡಿ ತಣ್ಣಗಿನ ಎಂಜಿನ್ನಿನಲ್ಲೇ ಓಡುತ್ತಿದೆ! ಸಾಧ್ಯವಾದರೆ ಶಾಲೆ, ತರಕಾರಿ, ಔಷಧಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ, ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಹಾಗಂತ ಬೆಳಿಗ್ಗೆ ನಿಲ್ಲಿಸಿಕೊಂಡು ಹತ್ತು ನಿಮಿಷ ಎಂಜಿನ್ ಬಿಸಿ ಮಾಡಬೇಡಿ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಓಡಿಸಿದರೆ ಅದೇ ಬೇಗ ಬಿಸಿಯಾಗುತ್ತದೆ.

ಠಾಣೆಯಿಂದ: ಪಂಪಿನಲ್ಲಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿ, ಎವರೇಜ್ ಜಾಸ್ತಿ ಬರುತ್ತದೆ ಅಂತ ಒತ್ತಾಯ ಮಾಡುತ್ತಾರೆ. ಹಾಕಿಸಬೇಕಾ?

ಮಾಮೂಲಿ ಕಾರಿಗೆ ಬೇಡ. ಎಕ್ಸ್‌ಪಿ 95, ಸ್ಪೀಡ್ 97, ಎಕ್ಸ್‌ಪಿ 100, ಈ ಅಂಕಿಗಳೆಲ್ಲ ಆಕ್ಟೇನ್. ಆಕ್ಟೇನ್ ಅಂದರೆ ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಇದೆ ಅಂತಲ್ಲ. ಸಿಲಿಂಡರಿನಲ್ಲಿ ಒತ್ತಡ ಜಾಸ್ತಿಯಾದಾಗ ಸ್ಪಾರ್ಕಿನ ಬೆಂಕಿ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅಂತ. ದೊಡ್ಡ ಟರ್ಬೊ ಎಂಜಿನ್, ಜಾಸ್ತಿ ಕಂಪ್ರೆಷನ್ ಇರುವ ದುಬಾರಿ ಗಾಡಿಗಳಿಗೆ ಅದು ಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ 91 ಸಾಕು ಅಂತ ಬರೆದಿದ್ದರೆ 100 ಹಾಕಿಸಿದರೂ ಎಂಜಿನ್ನಿಗೆ ಅದರಿಂದ ಉಪಯೋಗ ಇಲ್ಲ. ಆ ಪೆಟ್ರೋಲಿನಲ್ಲಿ ಎಂಜಿನ್ ಒಳಭಾಗ ಸ್ವಚ್ಛ ಇಡುವ ರಾಸಾಯನಿಕ ಸೇರಿಸಿರುತ್ತಾರೆ, ಅದು ನಿಜ. ಆದರೆ ದರದ ವ್ಯತ್ಯಾಸವನ್ನು ಮೈಲೇಜಿನಲ್ಲಿ ವಸೂಲಿ ಮಾಡುವುದಕ್ಕೆ ಆಗುವುದಿಲ್ಲ. ಗಾಡಿ ಏರಿನಲ್ಲಿ ಟಿಕ್ ಟಿಕ್ ಅಂತ ಲೋಹ ಬಡಿದಂತೆ ಸದ್ದು ಮಾಡುತ್ತಿದ್ದರೆ ಮಾತ್ರ ಒಂದು ಟ್ಯಾಂಕ್ ಹಾಕಿಸಿ ನೋಡಿ, ಸದ್ದು ಹೋದರೆ ಮೆಕ್ಯಾನಿಕ್ ಹತ್ತಿರ ಎಂಜಿನ್ ತೋರಿಸಿ.

ಪೆಟ್ರೋಲ್ ಅಳತೆಯ ಮೇಲೆ ಸಂಶಯ ಇದ್ದರೆ ಐದು ಲೀಟರಿನ ಸೀಲ್ ಮಾಡಿದ ಡಬ್ಬದಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಅದು ಎಲ್ಲ ಪಂಪಿನಲ್ಲೂ ಇರಲೇಬೇಕು. ನಾಚಿಕೊಳ್ಳದೆ ಕೇಳಿ.

ಚೆಂಬೂರಿನಿಂದ ಒಬ್ಬ ಓದುಗಿ: ಪ್ರತಿ ಮೇ ತಿಂಗಳಲ್ಲಿ ಕಾರಿನಲ್ಲೇ ಉಡುಪಿಗೆ ಹೋಗುತ್ತೇವೆ. ಘಾಟ್ ಇಳಿಯುವಾಗ ನಮ್ಮವರು ನ್ಯೂಟ್ರಲ್ ಹಾಕಿಬಿಡುತ್ತಾರೆ, ಪೆಟ್ರೋಲ್ ಉಳಿಯುತ್ತದಂತೆ. ನನಗೆ ಜೀವ ಕೈಯಲ್ಲಿ ಹಿಡಿದುಕೊಂಡಂತೆ ಆಗುತ್ತದೆ. ದಯವಿಟ್ಟು ಅವರಿಗೆ ಅರ್ಥವಾಗುವ ಹಾಗೆ ಬರೆಯಿರಿ.

ಅಮ್ಮಾ, ನಿಮ್ಮ ಭಯ ಸರಿಯಾದದ್ದು. ಯಜಮಾನರೇ, ಇದು ನಿಮಗೆ, ದಯವಿಟ್ಟು ಪೂರ್ತಿ ಓದಿ.

ನ್ಯೂಟ್ರಲ್ಲಿನಲ್ಲಿ ಪೆಟ್ರೋಲ್ ಉಳಿಯುವುದಿಲ್ಲ, ಜಾಸ್ತಿಯೇ ಹೋಗುತ್ತದೆ. ಈಗಿನ ಇಂಜೆಕ್ಷನ್ ಗಾಡಿಯನ್ನು ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇದು ಕಂಪ್ಯೂಟರಿಗೆ ಗೊತ್ತಾಗಿ ಇಂಜೆಕ್ಟರನ್ನು ಪೂರ್ತಿ ಮುಚ್ಚುತ್ತದೆ. ಒಂದು ಹನಿ ಪೆಟ್ರೋಲೂ ಹೋಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಮೀಟರ್ ಇದ್ದರೆ ನೋಡಿ, ಗೆರೆ ತುದಿಗೆ ಹೋಗಿ ನಿಲ್ಲುತ್ತದೆ. ಅದೇ ನ್ಯೂಟ್ರಲ್ ಹಾಕಿದಿರಿ ಅಂದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ. ಎಂಜಿನ್ ನಿಲ್ಲದೆ ಓಡಬೇಕಾದರೆ ಪೆಟ್ರೋಲ್ ಬಿಡಲೇಬೇಕು. ಕಾರ್ಬುರೇಟರ್ ಗಾಡಿಗಳ ಕಾಲದಲ್ಲಿ ಹಿರಿಯರು ಹೇಳಿಕೊಟ್ಟದ್ದು ಈಗ ಉಲ್ಟಾ ಆಗಿದೆ.

ಅದಕ್ಕಿಂತ ದೊಡ್ಡ ವಿಷಯ ಜೀವದ್ದು. ಊರಿಂದ ವಾಪಸ್ ಬರುವಾಗ ಲೋಣಾವಳಾ ದಾಟಿ ಖೋಪೋಲಿ ಕಡೆಗೆ ಇಳಿಯುವ ಬೋರ್ ಘಾಟ್ ಇದೆಯಲ್ಲ, ಅಲ್ಲಿ ತುಂಬಿದ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ವೇಗ ತಡೆಯುವುದಕ್ಕೆ ಬ್ರೇಕ್ ಒಂದೇ ಗತಿ. ಒತ್ತುತ್ತಾ ಒತ್ತುತ್ತಾ ಪ್ಯಾಡ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಆ ಘಾಟಿನಲ್ಲಿ ಲಾರಿಗಳ ಬ್ರೇಕ್ ಕೈಕೊಟ್ಟು ಆಗುವ ಅಪಘಾತಗಳ ಹಿಂದೆ ಇರುವುದು ಇದೇ. ಕಾರುಗಳಿಗೆ ಘಾಟಿನ ಮಿತಿ ಗಂಟೆಗೆ 60. ಮೂರನೇ ಗೇರ್ ಹಾಕಿ, ಕಡಿದಾಗಿದ್ದರೆ ಎರಡನೆಯದು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ತಣ್ಣಗಿರುತ್ತದೆ, ಪೆಟ್ರೋಲೂ ಸೊನ್ನೆ. ಇಷ್ಟು ಲಾಭ ಒಟ್ಟಿಗೆ ಸಿಗುವಾಗ ನ್ಯೂಟ್ರಲ್ ಯಾಕೆ ಹೇಳಿ?

ಊರಿಗೆ ಹೋಗುವವರೆಲ್ಲ ಇನ್ನೂ ಎರಡು ಮಾತು ಕೇಳಿ. ಒಂದು, ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಇರುವ ತಡೆಗಿಂತ 100ರಲ್ಲಿ ಒಂದೂವರೆ ಪಟ್ಟು, 110ರಲ್ಲಿ ಸುಮಾರು ಎರಡು ಪಟ್ಟು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿ.ಮೀ. ಪೂರ್ತಿ ದಾರಿ ಒಂದೇ ಸಮ 100ರಲ್ಲಿ ಹೋದರೂ 80ರಲ್ಲಿ ಹೋದವರಿಗಿಂತ ಬೇಗ ತಲುಪುವುದು 14 ನಿಮಿಷ. ಖಾಲಾಪುರದಲ್ಲಿ ಒಂದು ವಡಾಪಾವ್, ಚಹಾ ಅಂತ ನಿಂತರೆ ಅಷ್ಟೂ ಹೋಯಿತು. ಮಧ್ಯದ ಲೇನ್ ಹಿಡಿದು 80ರಿಂದ 90ರ ಒಳಗೆ ಒಂದೇ ಹದದಲ್ಲಿ ಹೋಗಿ. ಉಡುಪಿಯಷ್ಟು ದೂರದ ದಾರಿಯಲ್ಲಿ ಇದರಿಂದ ಲೀಟರುಗಟ್ಟಲೆ ಉಳಿಯುತ್ತದೆ.

ಎರಡನೆಯದು ಮೇಲಿನ ಕ್ಯಾರಿಯರ್. ಹೋಗುವಾಗ ಸೂಟ್‌ಕೇಸು, ಬರುವಾಗ ಹಲಸಿನಕಾಯಿ, ತೆಂಗಿನಕಾಯಿ, ಹಪ್ಪಳದ ಕಟ್ಟು, ಕುಚ್ಚಲಕ್ಕಿ. ತರಬೇಡಿ ಅಂತ ಯಾರು ಹೇಳುತ್ತಾರೆ, ಇಲ್ಲಿ ಕುಳಿತು ವರ್ಷವಿಡೀ ಅದಕ್ಕೇ ಕಾಯುತ್ತೇವಲ್ಲ! ಆದರೆ ಮೇಲೆ ಕಟ್ಟಿದ ಸಾಮಾನು ಹೈವೇಯಲ್ಲಿ ಮೈಲೇಜನ್ನು ಶೇ. 10ಕ್ಕಿಂತಲೂ ಜಾಸ್ತಿ ತಿನ್ನಬಲ್ಲದು. ಅದೇ ತೂಕ ಡಿಕ್ಕಿಯಲ್ಲಿದ್ದರೆ ಐವತ್ತು ಕೆ.ಜಿ.ಗೆ ಹೆಚ್ಚುಕಮ್ಮಿ ಶೇ. 1. ಭಾರದ್ದು, ಗಟ್ಟಿಯದ್ದು ಡಿಕ್ಕಿಗೆ. ಮೇಲೆ ಕಟ್ಟಲೇಬೇಕಾದರೆ ತಗ್ಗಾಗಿ ಹರಡಿ, ಟಾರ್ಪಾಲು ಪಟಪಟ ಹಾರದಂತೆ ಬಿಗಿಯಾಗಿ ಕಟ್ಟಿ. ಮನೆಗೆ ಬಂದ ಮೇಲೆ ಕ್ಯಾರಿಯರ್ ಬಿಚ್ಚಿಡಿ. ಖಾಲಿ ಕ್ಯಾರಿಯರ್ ಹೊತ್ತು ವರ್ಷಪೂರ್ತಿ ತಿರುಗುವ ಗಾಡಿಗಳು ಎಷ್ಟಿಲ್ಲ!

ಪಿಂಪ್ರಿಯಿಂದ: ಹೊಸ ಕಾರು ತೆಗೆದುಕೊಳ್ಳಬೇಕು. ಪೆಟ್ರೋಲಾ, ಸಿಎನ್‌ಜಿಯಾ? ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಾಟ ಇದೆ.

ಸಿಎನ್‌ಜಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಒಂದು ಕೆ.ಜಿ.ಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇದೆ, ಅದಕ್ಕೇ ಮೈಲೇಜ್ ಅಂಕಿ ದೊಡ್ಡದಾಗಿ ಕಾಣುತ್ತದೆ. ಅಂಕಿ ಬಿಟ್ಟು ಕಿಲೋಮೀಟರಿಗೆ ಎಷ್ಟು ರೂಪಾಯಿ ಅಂತ ನೋಡಿ. ಪೆಟ್ರೋಲ್ 105 ರೂಪಾಯಿ, ಲೀಟರಿಗೆ 15 ಕಿ.ಮೀ. ಅಂದುಕೊಳ್ಳಿ. ಕಿಲೋಮೀಟರಿಗೆ 7 ರೂಪಾಯಿ ಆಯಿತು. ಸಿಎನ್‌ಜಿ 90 ರೂಪಾಯಿ, ಕೆ.ಜಿ.ಗೆ 22 ಕಿ.ಮೀ. ಅಂದರೆ 4 ರೂಪಾಯಿ 10 ಪೈಸೆ. ಉಳಿತಾಯ 2 ರೂಪಾಯಿ 90 ಪೈಸೆ. ಸಿಎನ್‌ಜಿ ಮಾದರಿಗೆ 90 ಸಾವಿರ ಜಾಸ್ತಿ ಕೊಟ್ಟಿರಿ ಅಂತಾದರೆ ಅದು ವಸೂಲಾಗಲು 31 ಸಾವಿರ ಕಿ.ಮೀ. ಓಡಬೇಕು. ನಿಮಗೆ ಎರಡೂವರೆ ವರ್ಷ. ತಿಂಗಳಿಗೆ ನಾನೂರೇ ಓಡುವವರಿಗೆ ಆರು ವರ್ಷದ ಮೇಲೆ. ನಿಮ್ಮ ಪಂಪಿನ ಇವತ್ತಿನ ದರ ಹಾಕಿ ನೀವೇ ಇನ್ನೊಮ್ಮೆ ಗುಣಿಸಿ ನೋಡಿ.

ನನ್ನನ್ನು ಕೇಳಿದರೆ ನಿಮ್ಮ ಓಡಾಟಕ್ಕೆ ಸಿಎನ್‌ಜಿ ಒಳ್ಳೆಯದು, ಮನೆ ಅಥವಾ ಆಫೀಸಿನ ದಾರಿಯಲ್ಲೇ ಪಂಪ್ ಇದ್ದರೆ. ಕ್ಯೂನಲ್ಲಿ ನಿಲ್ಲುವ ಹೊತ್ತಿಗೂ ಬೆಲೆ ಇದೆಯಲ್ಲ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸುವುದು ಕಡ್ಡಾಯ, ಮರೆಯಬೇಡಿ. ಕಂಪನಿಯಲ್ಲೇ ಕೂರಿಸಿದ ಕಿಟ್ ತೆಗೆದುಕೊಳ್ಳಿ, ಹೊರಗೆ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ.

ಗೋವಾ, ವಾಸ್ಕೋದಿಂದ: ನಮ್ಮದು ಧಾರವಾಡ. ಗೋವಾದಲ್ಲಿ ಪೆಟ್ರೋಲ್ ಅಗ್ಗ ಅಂತ ಊರಿಗೆ ಹೋಗುವಾಗ ಇಲ್ಲೇ ಫುಲ್ ಮಾಡಿಸುತ್ತೇವೆ. ಕಾರವಾರದ ನೆಂಟರು ಪೆಟ್ರೋಲಿಗೆ ಅಂತಲೇ ಗೋವಾ ಗಡಿಯ ಪೊಳೆಂವರೆಗೆ ಬರುತ್ತಾರೆ. ಇದರಲ್ಲಿ ಲಾಭ ಇದೆಯಾ? ಇನ್ನೊಂದು, ಇಲ್ಲಿಯ ಸೆಕೆಗೆ ಎಸಿ ಇಲ್ಲದೆ ಆಗುವುದಿಲ್ಲ. ಕಿಟಕಿ ತೆಗೆದರೆ ಉಳಿಯುತ್ತದಾ?

ನೀವು ಮಾಡುತ್ತಿರುವುದು ಸರಿ. ಹೇಗೂ ಹೋಗುವ ದಾರಿ, ಹಾಕಿಸಿಕೊಂಡು ಹೋಗಿ. 2012ರಲ್ಲಿ ಮನೋಹರ್ ಪರಿಕ್ಕರ್ ಸರ್ಕಾರ ವ್ಯಾಟ್ ಇಳಿಸಿ ಲೀಟರಿಗೆ 11 ರೂಪಾಯಿಯಷ್ಟು ಅಗ್ಗ ಮಾಡಿದಾಗಿನಿಂದ ಗೋವಾ ಪೆಟ್ರೋಲಿಗೆ ಆ ಹೆಸರು ಬಂತು. ಅಷ್ಟು ದೊಡ್ಡ ಅಂತರ ಆಮೇಲೆ ಉಳಿಯಲಿಲ್ಲ. ನೆಂಟರ ಲೆಕ್ಕ ಮಾತ್ರ ಕೂಡುವುದಿಲ್ಲ. ವ್ಯತ್ಯಾಸ ಲೀಟರಿಗೆ 6 ರೂಪಾಯಿ, ಹಾಕಿಸಿದ್ದು 35 ಲೀಟರ್ ಅಂದರೂ ಉಳಿದದ್ದು 210 ರೂಪಾಯಿ. ಹೋಗಿ ಬರಲು 30 ಕಿ.ಮೀ. ಆದರೆ ಎರಡು ಲೀಟರ್ ಅಲ್ಲೇ ಸುಟ್ಟಿತು. ಕ್ಯಾನಿನಲ್ಲಿ ತುಂಬಿ ತರುವ ಯೋಚನೆ ಇದ್ದರೆ ಖಂಡಿತ ಬೇಡ. ಬೇಸಿಗೆಯ ಬಿಸಿಲಿಗೆ ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನ್ ಅಂದರೆ ಬೆಂಕಿ ಹೊತ್ತುಕೊಂಡು ಓಡಾಡಿದ ಹಾಗೆ.

ಎಸಿ ವಿಷಯಕ್ಕೆ ಬಂದರೆ, ವಾಸ್ಕೋ ಪೇಟೆಯೊಳಗೆ ನಿಧಾನಕ್ಕೆ ಓಡುವಾಗ ಕಿಟಕಿ ತೆಗೆದರೆ ಉಳಿತಾಯ ಇದೆ. ಜುವಾರಿ ಸೇತುವೆ ಮೇಲೆ, ಹೈವೇಯಲ್ಲಿ 80ರ ಹತ್ತಿರ ಹೋಗುವಾಗ ತೆರೆದ ಕಿಟಕಿಯಿಂದ ಗಾಳಿಯ ತಡೆ ಏರಿ ಆ ಲಾಭ ಹೋಗುತ್ತದೆ, ಮುಚ್ಚಿ ಎಸಿ ಹಾಕುವುದೇ ವಾಸಿ. ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ಕೂಡಲೇ ಎಸಿ ಹಾಕಬೇಡಿ. ಮೊದಲ ಒಂದೆರಡು ನಿಮಿಷ ಎಲ್ಲ ಕಿಟಕಿ ತೆಗೆದು ಓಡಿಸಿ, ಒಳಗಿನ ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಕಂಪ್ರೆಸರಿಗೆ ಕೆಲಸ ಕಡಿಮೆಯಾಗುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಮೈಲೇಜ್ ನೋಡಬೇಡಿ, ಎಸಿ ಹಾಕಿ.

ಘೋಡ್‌ಬಂದರ್ ರಸ್ತೆಯಿಂದ: ನನ್ನದು ಬಿಎಸ್6 (ಹೊಗೆಯ ಹೊಸ ನಿಯಮದ) ಡೀಸೆಲ್. ಪದೇಪದೇ ಡಿಪಿಎಫ್ ಲೈಟ್ ಹತ್ತುತ್ತದೆ, ಮೈಲೇಜೂ ಬಿದ್ದಿದೆ.

ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಜಾಲರಿ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಜಾಸ್ತಿ ಡೀಸೆಲ್ ಬಿಟ್ಟು ಜಾಲರಿಯನ್ನು ಚೆನ್ನಾಗಿ ಕಾಯಿಸಿ ಅದನ್ನು ಸುಡುತ್ತದೆ. ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಆ ಕೆಲಸ ಮುಗಿಯುವುದೇ ಇಲ್ಲ, ಅರ್ಧದಲ್ಲಿ ನೀವು ಆಫ್ ಮಾಡುತ್ತೀರಿ, ಮರುದಿನ ಮತ್ತೆ ಶುರು, ಮತ್ತೆ ಡೀಸೆಲ್. ಲೈಟ್ ಹತ್ತಿದಾಗ ಗಾಡಿ ನಿಲ್ಲಿಸದೆ ಅರ್ಧ ಗಂಟೆ ಒಂದೇ ಸಮ 60ರ ಮೇಲೆ ಓಡಿಸಿ. ನಿಮಗೆ ಭಾನುವಾರ ಬೆಳಿಗ್ಗೆ ಬೇಗ ಅಹಮದಾಬಾದ್ ಹೈವೇಯಲ್ಲಿ ಮನೋರ್ ಕಡೆಗೆ ಹೋಗಿ ಬಂದರೆ ಸಾಕು. ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿಸಿ. ನಿಮ್ಮ ಓಡಾಟ ಮುಂದೆಯೂ ಇಷ್ಟೇ ಅಂತಾದರೆ ಮುಂದಿನ ಗಾಡಿ ಡೀಸೆಲ್ ಬೇಡ.

ಪನ್ವೇಲಿನಿಂದ: ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಸುರಿಯುವ ಬಾಟಲಿ, ಶೇ. 20 ಉಳಿತಾಯ ಅನ್ನುತ್ತಾರಲ್ಲ?

ಕೊಳ್ಳಬೇಡಿ. ಅಮೆರಿಕದ ಪರಿಸರ ಇಲಾಖೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿ ನೋಡಿದೆ. ಮೈಲೇಜನ್ನು ಹೇಳಿಕೊಳ್ಳುವಷ್ಟು ಏರಿಸಿದ್ದು ಒಂದೂ ಸಿಗಲಿಲ್ಲ. ಅಂಥದ್ದು ನಿಜವಾಗಿ ಇದ್ದಿದ್ದರೆ ಕಾರು ಕಂಪನಿಗಳೇ ಮೊದಲು ಹಾಕಿಕೊಡುತ್ತಿದ್ದವು.

ನೆರೂಳಿನಿಂದ: ಟೈರಿನ ಗಾಳಿ ಜಾಸ್ತಿ ಹಾಕಿಸಿದರೆ ಮೈಲೇಜ್ ಬರುತ್ತದೆ ಅನ್ನುತ್ತಾರೆ. ಎಷ್ಟು ಹಾಕಿಸಬೇಕು?

ಚಾಲಕನ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎಷ್ಟಿದೆಯೋ ಅಷ್ಟು. ಚಿಕ್ಕ ಕಾರಿಗೆ ಗಾಳಿಯ ಒತ್ತಡ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ, ಐದು ಜನ ಮತ್ತು ಸಾಮಾನು ಇದ್ದರೆ ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ, ಅದನ್ನೂ ಅಲ್ಲೇ ಬರೆದಿರುತ್ತಾರೆ. ಅದನ್ನು ಮೀರಿ ಹಾಕಿಸಿದರೆ ಟೈರಿನ ಮಧ್ಯಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಮುಂಬೈ ಮಳೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ. ಕಡಿಮೆಯಾದರೆ ಪ್ರತಿ ಒಂದು ಪಿಎಸ್‌ಐಗೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ, ಟೈರೂ ಬೇಗ ಸವೆಯುತ್ತದೆ. ಚಿಕ್ಕ ಅಂಕಿ ಅನ್ನಿಸಬಹುದು. ಆದರೆ 33 ಇರಬೇಕಾದ ಕಡೆ 25ರಲ್ಲಿ ಓಡುತ್ತಿರುವ ಗಾಡಿಗಳು ಬೇಕಾದಷ್ಟಿವೆ, ಈಗಿನ ಅಗಲದ ಟೈರುಗಳಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ.

ಟೈರ್ ತಣ್ಣಗಿರುವಾಗಲೇ ನೋಡಬೇಕು. ಹೈವೇಯಲ್ಲಿ ಓಡಿಸಿಕೊಂಡು ಬಂದು ನೋಡಿದರೆ ಒಳಗಿನ ಗಾಳಿ ಬಿಸಿಯಾಗಿ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಪಂಕ್ಚರ್ ಅಂಗಡಿಯವರು ಅಷ್ಟನ್ನು ತೆಗೆದುಬಿಡುತ್ತಾರೆ. ಸಣ್ಣದೊಂದು ಗೇಜ್ ತಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಳ್ಳಿ, ಕೆಲವೇ ನೂರು ರೂಪಾಯಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನಾಲ್ಕೂ ಚಕ್ರ ನೋಡಿ, ತಿಂಗಳಿಗೊಮ್ಮೆ ಸ್ಟೆಪ್ನಿಯನ್ನೂ.